ಪಾಯಸ ಬರುವ ಮೊದಲು

ನಮ್ಮ ಮನೆ ಓನರ್ ಮಾರಕ್ಕನವರಿಗೆ ಎರಡು ವಿಷಯಗಳಲ್ಲಿ ರಾಜಿಯೇ ಇಲ್ಲ. ಗೇಟಿನ ಮುಂದೆ ಯಾರೂ ಗಾಡಿ ನಿಲ್ಲಿಸಬಾರದು. ಊಟಕ್ಕೆ ಕೂತವರನ್ನು ಯಾರೂ ಎಬ್ಬಿಸಬಾರದು. ಮೊದಲನೆಯದು ರಾಮಮೂರ್ತಿ ನಗರದ ಎಲ್ಲ ಓನರುಗಳಿಗೂ ಇರುವ ಕಾಯಿಲೆ. ಎರಡನೆಯದು ಮಾರಕ್ಕನವರ ಸ್ವಂತದ್ದು. ನಾವು ಮಹಡಿ ಮನೆಗೆ ಬಾಡಿಗೆಗೆ ಬಂದ ಹೊಸತರಲ್ಲಿ ಒಂದು ದಿನ ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿತ್ತು. ಮೋಟಾರು ನಿಲ್ಲಿಸಿ ಎಂದು ಹೇಳಲು ಕೆಳಗೆ ಓಡಿದೆ. ಅವರ ಮಗ ಶ್ರೀನಿವಾಸ್ ಮುದ್ದೆ ಮುರಿಯುತ್ತಾ ಕೂತಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾರಕ್ಕ ಬಾಗಿಲಿಗೆ ಅಡ್ಡ ಬಂದರು.

"ಉಣ್ತಾವ್ನೆ."

"ಅಲ್ಲ ಮಾರಕ್ಕ, ನೀರು ಹರಿದು ಹೋಗ್ತಿದೆ."

"ಹರೀಲಿ ಬಿಡು. ಎಲ್ಲಿಗೋಗ್ತದೆ, ಮೋರಿಗೆ ತಾನೆ?"

ಬೇಸಿಗೆಯಲ್ಲಿ ಟ್ಯಾಂಕರಿನವನ ಜೊತೆ ಒಂದು ಕೊಡ ನೀರಿಗಾಗಿ ಬೀದಿ ಕೇಳುವಂತೆ ಜಗಳವಾಡುವ ಹೆಂಗಸು ಹೇಳಿದ ಮಾತಿದು. ಮೋಟಾರಿನ ಸ್ವಿಚ್ಚು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಶ್ರೀನಿವಾಸ್ ಕೈ ತೊಳೆಯುವ ತನಕ ನೀರು ಹರಿಯಿತು. ಇವರಿಗೆ ತಲೆ ಸರಿಯಿಲ್ಲ ಎಂದು ನಾನು ಗಂಡನ ಹತ್ತಿರ ಗೊಣಗಿಕೊಂಡೆ. ತಲೆ ಸರಿಯಾಗೇ ಇದೆ ಎಂದು ತಿಳಿಯಲು ಕೆಲವು ವರ್ಷ ಬೇಕಾಯಿತು.

ಮಾರಕ್ಕನಿಗೆ ಎಪ್ಪತ್ತು ದಾಟಿದೆ. ಹಲ್ಲು ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ಈಗ ನಮ್ಮ ಬೀದಿ ಇರುವ ಜಾಗದಲ್ಲಿ ಹಿಂದೆ ಅವರ ಸೊಪ್ಪಿನ ತೋಟವಿತ್ತಂತೆ. ಗಂಡ ಪಿಳ್ಳಣ್ಣ ಬೆಳಗಿನ ಜಾವವೇ ದಂಟು, ಮೆಂತ್ಯ, ಕೊತ್ತಂಬರಿ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು, ಹಳೇ ಮದ್ರಾಸ್ ರಸ್ತೆ ಹಿಡಿದು, ಹಲಸೂರು ದಾಟಿ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆಮೇಲೆ ತೋಟ ಸೈಟುಗಳಾಯಿತು, ಸೈಟುಗಳು ಮನೆಗಳಾದವು, ಮನೆಗಳಿಗೆ ನಮ್ಮಂಥವರು ಬಂದೆವು. ಪಿಳ್ಳಣ್ಣ ತೀರಿಕೊಂಡು ಬಹಳ ವರ್ಷಗಳಾದವು. ಮಾರಕ್ಕ ಮಾತ್ರ ಪಕ್ಕದ ಖಾಲಿ ಸೈಟಿನಲ್ಲಿ ಇವತ್ತಿಗೂ ಒಂದಿಷ್ಟು ಸೊಪ್ಪು ಬೆಳೆಯುತ್ತಾರೆ. ಆ ಸೈಟಿನ ಯಜಮಾನ ಯಾರೆಂದು ಅವರಿಗೆ ಗೊತ್ತಿಲ್ಲ. ತನ್ನ ಸೈಟಿನಲ್ಲಿ ದಂಟು ಬೆಳೆಯುತ್ತಿದೆಯೆಂದು ಆ ಪುಣ್ಯಾತ್ಮನಿಗೂ ಗೊತ್ತಿಲ್ಲ.

ನನ್ನ ಹೆಸರು ಪ್ರಿಯಂವದಾ. ಹಲಸೂರಿನ ವಿಮಾ ಕಚೇರಿಯೊಂದರಲ್ಲಿ ಕೆಲಸ. ಮಾರಕ್ಕನ ಬಾಯಲ್ಲಿ ನಾನು ಪಿರಿಯಮ್ಮ. ಭಾನುವಾರದ ಮಧ್ಯಾಹ್ನ ಅವರ ಜಗುಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾ ಹರಟುವುದು ನಮ್ಮಿಬ್ಬರಿಗೂ ಅಭ್ಯಾಸವಾಗಿದೆ. ಬೀದಿಯಲ್ಲಿ ಹೋಗಿಬರುವವರ ಚರಿತ್ರೆಯೆಲ್ಲ ನನಗೆ ಗೊತ್ತಾದದ್ದು ಹಾಗೆ.

ಪಕ್ಕದ ಬೀದಿಯಲ್ಲಿ ಮಾರಕ್ಕನ ತಮ್ಮ ಮುನಿವೆಂಕಟಪ್ಪನವರ ಮನೆ ಇದೆ. ಮೂರಂತಸ್ತು, ಮುಂದೆ ಗ್ರಾನೈಟ್ ಕಂಬ, ಮೇಲೆ ಸಿಂಹದ ತಲೆ. ಬಿಳಿ ಷರಟು, ದಪ್ಪ ಮೀಸೆ, ಗಡಸು ಗಂಟಲಿನ ಮನುಷ್ಯ. ಊರಿನಲ್ಲಿ ಪಂಚಾಯ್ತಿ ಎಂದರೆ ಅವರೇ ಇರಬೇಕು. ಅಕ್ಕ ತಮ್ಮನಿಗೆ ಮಾತುಕತೆ ಚೆನ್ನಾಗಿಯೇ ಇದೆ. ದಿನ ಬಿಟ್ಟು ದಿನ ಮುನಿವೆಂಕಟಪ್ಪ ನಮ್ಮ ಗೇಟಿನ ಹತ್ತಿರ ನಿಂತು, "ಅಕ್ಕಯ್ಯ, ಬಿಪಿ ಮಾತ್ರೆ ತಗೊಂಡ್ಯಾ?" ಎಂದು ಕೇಳಿ ಹೋಗುತ್ತಾರೆ. ಇವರು "ನಿಂದು ನೀನು ನೋಡ್ಕೊಳ್ಳೋ ಮುನಿಯಾ" ಎಂದು ಬೈದು ಕಳಿಸುತ್ತಾರೆ.

ಆದರೆ ಒಂದು ವಿಚಿತ್ರವನ್ನು ನಾನು ಮುನಿವೆಂಕಟಪ್ಪನವರ ಮನೆಯ ನಾಮಕರಣದಲ್ಲಿ ಕಂಡೆ. ಮಾರಕ್ಕ ರೇಷ್ಮೆ ಸೀರೆಯುಟ್ಟು ಎಲ್ಲರಿಗಿಂತ ಮೊದಲೇ ಬಂದಿದ್ದರು. ಮಗುವಿಗೆ ಬೆಳ್ಳಿ ಬಳೆ ತೊಡಿಸಿದರು, ಹಾಡು ಹೇಳಿದರು, ಯಾರಿಗೆ ಎಲ್ಲಿ ಜಮಖಾನ ಹಾಸಬೇಕೆಂದು ಹುಕುಂ ಕೊಟ್ಟರು. ಅಷ್ಟರಲ್ಲಿ ಒಳಗಿಂದ ಬಾಳೆ ಎಲೆಯ ಕಟ್ಟು ಬಂತು. ಟೇಬಲ್ಲಿನ ಮೇಲೆ ಎಲೆಗಳನ್ನು ಹಾಸುತ್ತಿದ್ದ ಹಾಗೆ ಮಾರಕ್ಕ ಎದ್ದು ಚಪ್ಪಲಿ ಹುಡುಕತೊಡಗಿದರು. ಮುನಿವೆಂಕಟಪ್ಪ ಗೇಟಿನವರೆಗೂ ಹಿಂದೆ ಬಂದರು.

"ಅಕ್ಕಯ್ಯ, ಇವತ್ತಾದ್ರೂ..."

"ಬರ್ತೀನಿ ಕಣೋ. ಒಲೆ ಮೇಲೆ ಎಸರಿಟ್ಟು ಬಂದಿದ್ದೀನಿ."

ಎಸರೂ ಇಲ್ಲ ಏನೂ ಇಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಆ ದೊಡ್ಡ ಮನುಷ್ಯ ಅಷ್ಟು ಜನರ ಮುಂದೆ ಗೇಟಿನ ಹತ್ತಿರ ಸುಮ್ಮನೆ ನಿಂತರು. ತವರಿನ ಹಿರೀಮಗಳು ಪ್ರತಿ ಸಲವೂ ಎಲೆ ಹಾಕುವ ಹೊತ್ತಿಗೆ ಎದ್ದು ಹೋದರೆ ಆ ಮನೆಯ ಊಟಕ್ಕೆ ಏನು ಮರ್ಯಾದೆ? ಅವರನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು.

ಕಾರಣವನ್ನು ಮಾರಕ್ಕನೇ ಹೇಳಿದರು. ಮುನಿವೆಂಕಟಪ್ಪನವರ ಈ ಮನೆಯ ಗೃಹಪ್ರವೇಶದ ದಿನ, ಈಗ ಇಪ್ಪತ್ತು ವರ್ಷದ ಮೇಲಾಯಿತು, ಊರಿಗೆ ಊರೇ ಊಟಕ್ಕೆ ಸೇರಿತ್ತು. ಪಿಳ್ಳಣ್ಣ ಮಾರ್ಕೆಟ್ಟಿನಿಂದ ನೇರವಾಗಿ ಬಂದು ಪಂಕ್ತಿಯಲ್ಲಿ ಕೂತಿದ್ದರು. ಪಲ್ಯ, ಕೋಸಂಬರಿ, ಅನ್ನ, ಸಾರು ಆಗಿತ್ತು. ಪಾಯಸದ ಬಕೆಟ್ಟು ಪಂಕ್ತಿಯ ಆ ತುದಿಯಿಂದ ಹೊರಟಿತ್ತು. ಆಗಲೇ ಯಾರೋ ಲೀಡರು ತನ್ನ ಹಿಂಬಾಲಕರ ಜೊತೆ ಬಂದಿಳಿದ. ಅವರನ್ನು ಕಾಯಿಸುವ ಹಾಗಿಲ್ಲ, ಕೂರಿಸಲು ಜಾಗವಿಲ್ಲ. ಯಾರನ್ನು ಎಬ್ಬಿಸುವುದು? ನೆಂಟರನ್ನು ಎಬ್ಬಿಸಿದರೆ ಮುನಿಸಿಕೊಳ್ಳುತ್ತಾರೆ, ಊರವರನ್ನು ಎಬ್ಬಿಸಿದರೆ ಆಡಿಕೊಳ್ಳುತ್ತಾರೆ. ನಮ್ಮವರಾದರೆ ಏನೂ ಅಂದುಕೊಳ್ಳುವುದಿಲ್ಲ. ಹಾಗೆ, ಏನೂ ಅಂದುಕೊಳ್ಳದ ಭಾವ ಪಿಳ್ಳಣ್ಣನನ್ನು ಎಬ್ಬಿಸಿದರು. ನಮ್ಮ ಜನ ದೂರದವರಿಗೆ ಮಾಡುವ ಮರ್ಯಾದೆಯ ಖರ್ಚನ್ನೆಲ್ಲ ಹತ್ತಿರದವರ ಲೆಕ್ಕಕ್ಕೇ ಬರೆಯುತ್ತಾರೆ, ಅದು ನನಗೂ ಅನುಭವ.

ಪಿಳ್ಳಣ್ಣ ಕಲಸಿದ ಅನ್ನ ಬಿಟ್ಟು ಎದ್ದು, ಕೈ ತೊಳೆದುಕೊಂಡು, ಯಾರಿಗೂ ಏನೂ ಹೇಳದೆ ಸೈಕಲ್ ತಳ್ಳಿಕೊಂಡು ಹೊರಟರು. ಮಾರಕ್ಕ ಹಿಂದೆಯೇ ಓಡಿದರು.

"ಅವ್ರೇನಾದ್ರೂ ಬೈದಿದ್ರೆ ನಂಗೆ ಸಮಾಧಾನ ಆಗೋದು ಪಿರಿಯಮ್ಮ," ಎಂದರು ಮಾರಕ್ಕ, ದಂಟಿನ ನಾರು ತೆಗೆಯುತ್ತಾ. "ನಿನ್ ತಮ್ಮ ಹಿಂಗೆ ಮಾಡ್ದ ಅಂತ ಒಂದ್ ಮಾತು ಅನ್ಲಿಲ್ಲ. ದಾರೀಲಿ ಏನಂದ್ರು ಗೊತ್ತಾ? ಪಾಯಸ ಘಮ್ ಅಂತಿತ್ತು ಕಣೇ, ಚೆನ್ನಾಗಿರ್ಬೇಕು, ಅಂದ್ರು."

ಅಷ್ಟು ಹೇಳಿ ಅವರು ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಬೈಗುಳವನ್ನು ಮರೆಯಬಹುದು, ಇಂಥ ಮಾತನ್ನು ಹೇಗೆ ಮರೆಯುವುದು? ಆವತ್ತು ಅದೇ ದಾರಿಯಲ್ಲಿ ನಿಂತು ಮಾರಕ್ಕ ಆಣೆ ಮಾಡಿದರಂತೆ, ನನ್ನ ಗಂಡನನ್ನು ಎಲೆ ಮುಂದಿನಿಂದ ಎಬ್ಬಿಸಿದವರ ಅನ್ನ ನಾನು ಮುಟ್ಟುವುದಿಲ್ಲ ಎಂದು. ಮನೆಗೆ ಬಂದು ಶಾವಿಗೆ ಪಾಯಸ ಮಾಡಿ ಬಡಿಸಿದರು. ಪಿಳ್ಳಣ್ಣ ಬಾಯಿ ಚಪ್ಪರಿಸಿ ತಿಂದರು. ಅವರು ಹೋದ ಮೇಲೆ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ಪಾಯಸ ತಪ್ಪಿಲ್ಲ.

ಮುನಿವೆಂಕಟಪ್ಪನವರ ಕಥೆ ಬೇರೆ. "ನಾನು ಗೇಟ್‌ನಲ್ಲಿದ್ದೆ. ಅಡುಗೆಯವರ ಕಡೆ ಯಾವನೋ ಗೊತ್ತಿಲ್ದೆ ಭಾವನ್ನ ಎಬ್ಬಿಸ್ಬಿಟ್ಟ. ಅದಕ್ಕೆ ಅಕ್ಕಯ್ಯ ನನ್ ಮೇಲೆ ಹಟ ಸಾಧಿಸ್ತಾವ್ಳೆ," ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಕೇಳಿದವರು ಹೌದೌದು ಎಂದು ತಲೆಯಾಡಿಸುತ್ತಿದ್ದರು. ಆ ಮಾತು ಮಾರಕ್ಕನ ಕಿವಿಗೂ ಬಿದ್ದಿತ್ತು. ಅದರ ಬಗ್ಗೆ ಅವರು ಹೌದು ಎಂದದ್ದೂ ಇಲ್ಲ, ಅಲ್ಲ ಎಂದದ್ದೂ ಇಲ್ಲ.

ಈ ವರ್ಷ ಮುನಿವೆಂಕಟಪ್ಪನವರ ಮೊಮ್ಮಗಳು ಮಧುರಾಳ ಮದುವೆ ಗೊತ್ತಾಯಿತು. ಕಲ್ಯಾಣ ನಗರದಲ್ಲಿ ಛತ್ರ. ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮುನಿವೆಂಕಟಪ್ಪ ಮೆತ್ತಗಾಗಿದ್ದರು. ಅಕ್ಕಯ್ಯ ಉಣ್ಣದ ಮದುವೆ ಊಟ ತನಗೂ ಬೇಡ ಎಂದು ಮನೆಯಲ್ಲಿ ಹಟ ಹಿಡಿದಿದ್ದರು. ಆಗ ಮಧುರಾ ಒಂದು ಉಪಾಯ ಮಾಡಿದಳು. ಜಾಣ ಹುಡುಗಿ, ಇಂದಿರಾನಗರದಲ್ಲಿ ಕೆಲಸ. ಟ್ರಿನಿಟಿ ಸರ್ಕಲ್ಲಿನ ಹತ್ತಿರದ ದೊಡ್ಡ ಹೋಟೆಲಿನಲ್ಲಿ ದಕ್ಷಿಣದ ಅಡುಗೆಗೆಂದೇ ಒಂದು ರೆಸ್ಟೋರೆಂಟ್ ಇದೆಯಂತೆ, ಬಾಳೆ ಎಲೆಯಲ್ಲಿ ಬಡಿಸುತ್ತಾರಂತೆ. ಅಲ್ಲಿ ಅಜ್ಜಿ ತಾತ ಇಬ್ಬರನ್ನೂ ಕೂರಿಸಿಬಿಟ್ಟರೆ ಆಯಿತಲ್ಲ ಎಂದು ಅವಳ ಲೆಕ್ಕ. ಅದನ್ನು ಹೇಳಲು ಮಾರಕ್ಕನ ಜಗುಲಿಗೆ ಬಂದಳು.

"ಅದು ತಾತನ ಮನೇನೂ ಅಲ್ಲ, ನಿಮ್ಮನೇನೂ ಅಲ್ಲ ಅಜ್ಜಿ. ಹೋಟೆಲು. ಅಲ್ಲಿ ಊಟ ಮಾಡಿದ್ರೆ ಆಣೆ ಮುರಿಯಲ್ಲ."

"ದುಡ್ಡು ಯಾರು ಕೊಡೋದು?"

"ನಾನೇ. ನನ್ ಸಂಬಳದಲ್ಲಿ."

"ನೀನ್ಯಾರ ಮನೆ ಕೂಸು?"

ಮಧುರಾ ಸೋತು ನನ್ನ ಮುಖ ನೋಡಿದಳು. ನಾನು ಸೊಪ್ಪು ನೋಡಿದೆ. ಆದರೆ ಮಾರಕ್ಕ ಬರುವುದಿಲ್ಲ ಎನ್ನಲಿಲ್ಲ.

"ಕರೆದ ಮೇಲೆ ಬರ್ತೀನಿ. ಬರಲ್ಲ ಅಂತ ನಾನು ಯಾವತ್ತಂದಿದ್ದೀನಿ? ಉಣ್ಣಲ್ಲ ಅಂದಿದ್ದೀನಿ ಅಷ್ಟೆ. ಈ ಪಿರಿಯಮ್ಮನೂ ಬರ್ಲಿ. ಆ ದೊಡ್ಡ ಹೋಟ್ಲಲ್ಲಿ ನಂಗೇನ್ ತಿಳೀತದೆ?"

ನಾನು ಒಂದು ಸಲ ಬೇಡ ಎಂದೆ. ಎರಡನೇ ಸಲ ಅನ್ನಲಿಲ್ಲ. ಅಂಥ ಹೋಟೆಲಿನ ಊಟವನ್ನು ಎರಡೆರಡು ಸಲ ಬೇಡವೆನ್ನುವಷ್ಟು ವೈರಾಗ್ಯ ನನಗೆ ಬಂದಿಲ್ಲ.

ಭಾನುವಾರ ಮಧುರಾಳೇ ಕಾರು ಓಡಿಸಿದಳು. ಮುಂದೆ ಮುನಿವೆಂಕಟಪ್ಪ, ಹಿಂದೆ ನಾವಿಬ್ಬರು. ಟಿನ್ ಫ್ಯಾಕ್ಟರಿಯ ಹತ್ತಿರ ಎಂದಿನಂತೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಲಸೂರು ಬರುತ್ತಿದ್ದ ಹಾಗೆ ಮಾರಕ್ಕ ಕಿಟಕಿಗೆ ಮುಖ ಒತ್ತಿ ನೋಡತೊಡಗಿದರು.

"ಇದೇ ದಾರಿ ಅಲ್ವೇನೋ ಮುನಿಯಾ, ನಿನ್ ಭಾವ ಹೋಗ್ತಿದ್ದದ್ದು?"

"ಹೂಂ ಅಕ್ಕಯ್ಯ. ನಾನೂ ಚಿಕ್ಕವನಾಗಿದ್ದಾಗ ಸೈಕಲ್ ಮುಂದೆ ಕೂತು ಬರ್ತಿದ್ದೆ. ಬನ್ನು ಕೊಡಿಸೋನು."

ಹೋಟೆಲು ಬರುವವರೆಗೂ ಮಾರಕ್ಕ ಕಿಟಕಿ ಬಿಟ್ಟು ಈಚೆ ತಿರುಗಲಿಲ್ಲ.

ಹೋಟೆಲಿನ ಬಾಗಿಲಲ್ಲಿ ರುಮಾಲು ಕಟ್ಟಿದ ಆಳೊಬ್ಬ ನಮಗೆ ಕೈ ಮುಗಿದ. ಮಾರಕ್ಕ ಅವನ ಮೀಸೆಯನ್ನು ತಮ್ಮನ ಮೀಸೆಯ ಜೊತೆ ಹೋಲಿಸಿ ನೋಡಿ, "ನಿಂದಕ್ಕಿಂತ ಚೆನ್ನಾಗದೆ," ಎಂದರು. ಎಲೆಅಡಿಕೆ ಚೀಲವನ್ನು ತಪಾಸಣೆಯ ಯಂತ್ರದೊಳಗೆ ಕಳಿಸಲು ಒಪ್ಪದೆ ಸ್ವಲ್ಪ ರಾದ್ಧಾಂತ ಮಾಡಿದರು. ಒಳಗೆ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮುನಿವೆಂಕಟಪ್ಪ ಚಪ್ಪಲಿ ಬಿಡಲು ಜಾಗ ಹುಡುಕಿದರು. ಮಧುರಾ ನಕ್ಕು ತಡೆದಳು. ಊರಿನಲ್ಲಿ ನಾಲ್ಕು ಜನರನ್ನು ಒಂದೇ ಗದರಿಕೆಗೆ ಕೂರಿಸುವ ಮನುಷ್ಯ ಇಲ್ಲಿ ಎದುರಾದವರಿಗೆಲ್ಲ ದಾರಿ ಬಿಡುತ್ತಾ, ಗೋಡೆಯ ಪಕ್ಕದಲ್ಲಿ ನಡೆಯುತ್ತಿದ್ದರು.

ರೆಸ್ಟೋರೆಂಟಿನಲ್ಲಿ ದೇವಸ್ಥಾನದ ಹಾಗೆ ಕಂಬಗಳು, ಹಿತ್ತಾಳೆ ದೀಪಗಳು, ಎಲ್ಲಿಂದಲೋ ಸಣ್ಣಗೆ ವೀಣೆ. ಕಿಟಕಿಯ ಪಕ್ಕದ ಟೇಬಲ್ಲು ನಮ್ಮದು. ಹೊರಗೆ ಮೆಟ್ರೊ ಹೋಗಿ ಬರುವುದು ಕಾಣುತ್ತಿತ್ತು. ಬಡಿಸಲು ಬಂದವರು ಮುದಸ್ಸಿರ್ ಎಂಬುವರು, ಶಿವಾಜಿನಗರದವರಂತೆ, ನಡುವಯಸ್ಸಿನ ನಗುಮುಖದ ಮನುಷ್ಯ. ನಾವು ಇಂಗ್ಲಿಷಿಗೆ ತಡಬಡಿಸುವ ಮೊದಲೇ ಅವರು ಕನ್ನಡಕ್ಕೆ ಇಳಿದು ನಮ್ಮ ಮಾನ ಉಳಿಸಿದರು. ಮೆನುವಿನಲ್ಲಿ ಮಲಬಾರು, ಚೆಟ್ಟಿನಾಡು, ಕರಾವಳಿ, ಹಳೇ ಮೈಸೂರು ಎಲ್ಲ ಇತ್ತು. ಮಧುರಾ ಎಲ್ಲರಿಗೂ ಎಲೆ ಊಟ ಹೇಳಿದಳು.

ಮುದಸ್ಸಿರ್ ಎಲೆಗಳನ್ನು ತಂದು ಮುನಿವೆಂಕಟಪ್ಪನವರಿಗೆ ಹಾಕಿದರು, ಮಧುರಾಳಿಗೆ ಹಾಕಿದರು, ನನಗೆ ಹಾಕಿದರು. ಮಾರಕ್ಕನ ಮುಂದೆ ಬಂದಾಗ ಅವರು ಕೈ ಅಡ್ಡ ಹಿಡಿದರು.

"ನಂಗೆ ಬೇಡಪ್ಪ. ಒಂದ್ ಲೋಟ ನೀರು ಕೊಡು, ಸಾಕು."

"ಯಾಕಮ್ಮ, ಉಪವಾಸಾನಾ?"

"ಹೂಂ. ಸ್ವಲ್ಪ ಉದ್ದದ ಉಪವಾಸ."

ಮಧುರಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಅಜ್ಜಿ, ಇಲ್ಲೂನಾ?" ಎಂದಳು. ಮುನಿವೆಂಕಟಪ್ಪ ಅವಳ ಕೈ ತಟ್ಟಿ, "ಬಿಡವ್ವ. ನನ್ ಜೊತೆ ಒಂದ್ ಟೇಬಲ್‌ನಲ್ಲಿ ಕೂತವ್ಳಲ್ಲ, ಅಷ್ಟೇ ಸಾಕು," ಎಂದರು. ಸಾಕಾಗಿರಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ನನಗೋ ಹೊಟ್ಟೆಯಲ್ಲಿ ಬೆಂಕಿ. ಎಲೆಯ ಮೇಲೆ ಹುರುಳಿಕಾಯಿ ಪಲ್ಯ, ಕೋಸಂಬರಿ, ಮಾವಿನಕಾಯಿ ಉಪ್ಪಿನಕಾಯಿ ಬಂದು ಕೂತಿವೆ. ಪಕ್ಕದಲ್ಲಿ ಒಬ್ಬರು ಬರಿಯ ನೀರು ಕುಡಿಯುತ್ತಿರುವಾಗ ಕೈ ಹಾಕುವುದು ಹೇಗೆ? ಈ ಅಕ್ಕ ತಮ್ಮನ ಜಗಳದಲ್ಲಿ ನನ್ನ ಊಟಕ್ಕೆ ಕಲ್ಲು ಬಿತ್ತಲ್ಲ ಎಂದು ಸಿಟ್ಟೂ ಬಂತು. ಮಾರಕ್ಕ ನನ್ನ ಕಡೆ ತಿರುಗಿದರು.

"ನೀನ್ ತಿನ್ನಮ್ಮ. ನಿಂಗ್ಯಾವ ಆಣೆ?"

ನಾನು ನಾಚಿಕೆ ಬಿಟ್ಟು ಶುರು ಮಾಡಿದೆ. ಅನ್ನ ಬಂತು, ತುಪ್ಪ ಬಂತು, ಹುಳಿ ಬಂತು. ಮುನಿವೆಂಕಟಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು, ಬಾಯಿಗೆ ಇಡುತ್ತಿರಲಿಲ್ಲ. ಮಾರಕ್ಕ ಕಿಟಕಿಯಾಚೆ ಮೆಟ್ರೊ ನೋಡುತ್ತಿದ್ದರು.

ಕಪ್ಪು ಕೋಟಿನ ಮ್ಯಾನೇಜರ್ ಬಂದದ್ದು ಆಗಲೇ. ಎಳೆಯ ವಯಸ್ಸಿನವನು, ಬಹಳ ವಿನಯ. ಮಧುರಾಳ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಹೇಳಿ, ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಸಾರಿ ಸರ್, ನಮ್ ಕಡೆಯಿಂದ ತಪ್ಪಾಗಿದೆ. ಈ ವಿಂಡೋ ಟೇಬಲ್ ಬೇರೆ ಗೆಸ್ಟ್‌ಗೆ ರಿಸರ್ವ್ ಆಗಿತ್ತು, ಅವರು ಬಂದ್ಬಿಟ್ಟಿದ್ದಾರೆ. ನೀವು ದಯವಿಟ್ಟು ಆ ಕಡೆ ಟೇಬಲ್‌ಗೆ ಶಿಫ್ಟ್ ಆಗ್ತೀರಾ? ಎಲ್ಲಾನೂ ಹೊಸದಾಗಿ ಸರ್ವ್ ಮಾಡಿಸ್ತೀನಿ."

ಬಾಗಿಲ ಹತ್ತಿರ ಕೋಟು ತೊಟ್ಟವರ ಒಂದು ಗುಂಪು ಫೋನು ನೋಡುತ್ತಾ ನಿಂತಿತ್ತು. "ಓ, ಪರವಾಗಿಲ್ಲ," ಎಂದು ಮಧುರಾ ಕೈಚೀಲ ಎತ್ತಿಕೊಂಡಳು. ಅವಳ ತಪ್ಪಲ್ಲ. ಟೇಬಲ್ ಬದಲಾಯಿಸುವುದು ಅವಳ ವಯಸ್ಸಿನವರಿಗೆ ಬಸ್ಸಿನಲ್ಲಿ ಸೀಟು ಬದಲಾಯಿಸಿದಷ್ಟೇ. ನಾನೂ ಕುರ್ಚಿ ಹಿಂದೆ ಸರಿಸಿದೆ. ಆ ಕ್ಷಣದಲ್ಲಿ ನನಗೂ ಏನೂ ಹೊಳೆಯಲಿಲ್ಲ ನೋಡಿ.

ಮುನಿವೆಂಕಟಪ್ಪ ನಮಗಿಂತ ಮೊದಲೇ ಎದ್ದು ನಿಂತಿದ್ದರು. ಬಲಗೈಯಲ್ಲಿ ಕಲಸಿದ ಅನ್ನ ಮೆತ್ತಿತ್ತು. ಅದನ್ನು ಯಾವ ಕಡೆ ಹಿಡಿಯಬೇಕೆಂದು ತಿಳಿಯದೆ, ಹೊಸ ಷರಟಿಗೆ ತಾಗದ ಹಾಗೆ ದೂರ ಹಿಡಿದುಕೊಂಡು, "ಹೂಂ ಸಾರ್, ಆಯ್ತು ಸಾರ್," ಎನ್ನುತ್ತಿದ್ದರು. ಮೊಮ್ಮಗನ ವಯಸ್ಸಿನ ಹುಡುಗನಿಗೆ ಸಾರ್. ನನಗೆ ಅದನ್ನು ನೋಡಲಾಗಲಿಲ್ಲ.

ಮಾರಕ್ಕ ಕಿಟಕಿಯಿಂದ ಕಣ್ಣು ತಿರುಗಿಸಿದರು. ತಮ್ಮನ ಎಲೆ ನೋಡಿದರು, ನಿಂತ ತಮ್ಮನನ್ನು ನೋಡಿದರು. ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡ ಲೆಕ್ಕ ತಾನಾಗಿಯೇ ಚುಕ್ತಾ ಆಗುತ್ತಿದೆ, ಸುಮ್ಮನೆ ಕೂತಿದ್ದರೆ ಸಾಕು ಎಂದು ಇನ್ನೊಬ್ಬರಾಗಿದ್ದರೆ ಅಂದುಕೊಳ್ಳುತ್ತಿದ್ದರು. ಮಾರಕ್ಕ ಕೈ ಚಾಚಿ ಅವರ ಮಣಿಕಟ್ಟು ಹಿಡಿದರು.

"ಕೂತ್ಕೊಳ್ಳೋ ಮುನಿಯಾ."

"ಅಲ್ಲ ಅಕ್ಕಯ್ಯ, ಅವ್ರು..."

"ಕೂತ್ಕೋ ಅಂದೆ. ಕೈಯಲ್ಲಿ ತುತ್ತು ಮಡಗ್ಕೊಂಡು ಎಲ್ಲಿಗೋಗ್ತೀಯ?" ಆಮೇಲೆ ಮ್ಯಾನೇಜರಿಗೆ, ಬೈಗುಳವೇನೂ ಇಲ್ಲದೆ, ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. "ಎಲೆ ಮುಂದೆ ಕೂತೋರನ್ನ ಎಬ್ಬಿಸ್ಬಾರ್ದು ಮಗ. ಹಸಿದೋನನ್ನ ಬಾಗಿಲಲ್ಲೇ ವಾಪಸ್ ಕಳ್ಸು ಬೇಕಾದ್ರೆ. ಎಲೆ ಹಾಕಿ, ಇಕ್ಕಿ, ಆಮೇಲೆ ಏಳು ಅನ್ಬಾರ್ದು. ನನ್ ತಮ್ಮ ಉಂಡು ಏಳ್ತಾನೆ. ಆಮೇಲೆ ಟೇಬಲ್ಲು ನಿಮ್ದೇ."

ಮ್ಯಾನೇಜರ್ ಕೆಂಪಗಾದ. ಮುದಸ್ಸಿರ್ ಅವನ ಕಿವಿಯಲ್ಲಿ ಏನೋ ಹೇಳಿ, ತಾವೇ ಬಾಗಿಲಿನವರೆಗೆ ಹೋಗಿ ಆ ಗುಂಪಿನವರಿಗೆ ಇನ್ನೊಂದು ಟೇಬಲ್ಲು ತೋರಿಸಿದರು. ಅವರು ಫೋನಿನಿಂದ ತಲೆ ಕೂಡ ಎತ್ತದೆ ಅಲ್ಲಿ ಹೋಗಿ ಕೂತರು. ಅವರಿಗೆ ಕಿಟಕಿ ಬೇಕಾಗಿಯೇ ಇರಲಿಲ್ಲವೋ ಏನೋ. ಮ್ಯಾನೇಜರ್ ಕೈ ಮುಗಿದು ತಪ್ಪಾಯಿತೆಂದು ಹೇಳಿ ಹೋದ.

ಮುನಿವೆಂಕಟಪ್ಪ ಕೂತಿದ್ದರು. ಮಾರಕ್ಕ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಎಲೆಯ ಮೇಲೆ ಟಪ್ಪೆಂದು ನೀರು ಬಿತ್ತು. ಆ ಮೀಸೆ ಹೊತ್ತ ಮನುಷ್ಯ ಅಳುತ್ತಿದ್ದರು.

"ಅಕ್ಕಯ್ಯ, ಅಡುಗೆಯವರಲ್ಲ. ನಾನೇ."

ಮಾರಕ್ಕ ಇನ್ನೊಂದು ಕೈಯಿಂದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ನಾನೇ ಭಾವನ ಹೆಗಲ ಮೇಲೆ ಕೈ ಇಟ್ಟು, ಭಾವ ಒಸಿ ಏಳು, ನೀನು ನಮ್ಮೋನಲ್ವಾ, ಮುಂದಿನ ಪಂಕ್ತೀಲಿ ಕೂರೀವಂತೆ ಅಂದೆ. ಅವನು ನನ್ ಮುಖ ನೋಡಿ ನಕ್ಕೊಂಡು ಎದ್ದ. ಕೈಯಲ್ಲಿ ಹಿಂಗೇ ಅನ್ನ ಇತ್ತು." ಅವರು ತಮ್ಮ ಕೈಯನ್ನೇ ನೋಡಿಕೊಂಡರು. "ಆಮೇಲೆ ಹುಡುಕಿದ್ರೆ ಅವನೂ ಇಲ್ಲ, ನೀನೂ ಇಲ್ಲ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅವನು ಇರೋವಾಗ್ಲೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ನಂಗೊತ್ತು ಕಣೋ."

ಮುನಿವೆಂಕಟಪ್ಪ ತಲೆ ಎತ್ತಿದರು.

"ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ನೀನು ಹೆಗಲು ಮುಟ್ಟಿದ್ದು ನೋಡ್ದೆ."

"ಮತ್ತೆ ಇಷ್ಟ್ ದಿವಸ ಯಾಕ್ ಅನ್ಲಿಲ್ಲ ಅಕ್ಕಯ್ಯ? ಊರಿಗೆಲ್ಲ ನಾನು ಸುಳ್ ಹೇಳ್ತಿದ್ದೆನಲ್ಲ?"

"ನೀನೇ ಅಂತೀಯ ಅಂತ ಕಾಯ್ತಿದ್ದೆ. ನಾನು ಎತ್ತಿ ಆಡಿಸಿದ ಕೂಸು. ನಾನಾಗಿ ಬಾಯಿ ಬಿಟ್ಟು ನಿನ್ನ ಸುಳ್ಳ ಅನ್ಲಾ?"

ಮಧುರಾ ಮುಖ ಮುಚ್ಚಿಕೊಂಡಿದ್ದಳು. ನಾನು ಕರವಸ್ತ್ರ ಹುಡುಕಿದೆ. ಎಂಜಲು ಕೈಯಾದ್ದರಿಂದ ಚೀಲ ಮುಟ್ಟುವಂತಿರಲಿಲ್ಲ, ಸೀರೆಯ ಹೆಗಲಿಗೆ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಮುದಸ್ಸಿರ್ ಹಿತ್ತಾಳೆಯ ಸಣ್ಣ ಬಕೆಟ್ಟು ಹಿಡಿದು ಬಂದು, ನಮ್ಮ ಸ್ಥಿತಿ ನೋಡಿ ದೂರದಲ್ಲೇ ನಿಂತರು. ಮಾರಕ್ಕ ಅವರನ್ನು ಕರೆದರು.

"ಬಾರಪ್ಪ. ನನ್ ಮುಂದೊಂದು ಎಲೆ ಹಾಕು."

ಮುದಸ್ಸಿರ್ ಬಕೆಟ್ಟನ್ನು ಪಕ್ಕದಲ್ಲಿಟ್ಟು, ಓಡಿದ ಹಾಗೆ ಹೋಗಿ ಎಲೆ ತಂದು ಹಾಕಿದರು. ಮಾರಕ್ಕ ಲೋಟದ ನೀರನ್ನೇ ಅಂಗೈಗೆ ಸುರಿದುಕೊಂಡು ಎಲೆಗೆ ಚಿಮುಕಿಸಿ ಒರೆಸಿದರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಇದು ನಿನ್ ಭಾವನ ಎಲೆ. ಅವತ್ತು ಅರ್ಧಕ್ಕೆ ಬಿಟ್ಟು ಎದ್ದಿದ್ದು. ಅವ್ರಿಲ್ಲ, ನಾನು ಉಣ್ತೀನಿ. ಎದ್ದು ಕೈ ತೊಳ್ಕೊಂಡು ಬಾ. ನೀನೇ ಇಕ್ಕು."

ಇಷ್ಟು ಹೊತ್ತು ಏಳಬೇಡ ಎಂದವರು ಈಗ ಏಳು ಎಂದರು. ಮುನಿವೆಂಕಟಪ್ಪ ಎದ್ದರು. ಕೈ ತೊಳೆದು ಬಂದು ಮುದಸ್ಸಿರ್ ಕೊಟ್ಟ ಬಕೆಟ್ಟು ಸೌಟು ಹಿಡಿದರು. ಸುತ್ತಲಿನ ಟೇಬಲ್ಲುಗಳವರು ನೋಡುತ್ತಿದ್ದರು. ಈಗ ಮುನಿವೆಂಕಟಪ್ಪನವರಿಗೆ ಯಾರ ಸಂಕೋಚವೂ ಇರಲಿಲ್ಲ. ಬಕೆಟ್ಟಿನೊಳಗೆ ಇಣುಕಿ ನೋಡಿ ಅವರ ಕೈ ತಡೆಯಿತು.

"ಅಕ್ಕಯ್ಯ, ಇದು ಪಾಯಸ. ಮೊದ್ಲು ಪಲ್ಯ, ಅನ್ನ..."

"ಅನ್ನ ಪಲ್ಯ ಎಲ್ಲ ಅವ್ರು ಅವತ್ತೇ ಉಂಡಾಗದೆ. ಉಳಿದಿರೋದು ಅದೊಂದೇ. ಇಕ್ಕು."

ಶಾವಿಗೆ ಪಾಯಸ. ಏಲಕ್ಕಿಯ, ತುಪ್ಪದಲ್ಲಿ ಹುರಿದ ದ್ರಾಕ್ಷಿಯ ವಾಸನೆ ಟೇಬಲ್ಲಿನ ತುಂಬ ಹರಡಿತು. ಮುನಿವೆಂಕಟಪ್ಪ ಒಂದು ಸೌಟು ಬಡಿಸಿದರು, ಮತ್ತೊಂದು ಬಡಿಸಿದರು. ಮಾರಕ್ಕ ಸಾಕು ಎನ್ನಲಿಲ್ಲ. ಎಲೆಯಿಂದ ಹರಿದು ಹೋಗುವ ಹಾಗಾದಾಗ ಅಂಗೈಯನ್ನು ಒಡ್ಡಿ ತಡೆದರು. ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಅವಸರವಿಲ್ಲದೆ ನುಂಗಿದರು. ಮುನಿವೆಂಕಟಪ್ಪ ಸೌಟು ಹಿಡಿದು ಕಾಯುತ್ತಾ ನಿಂತಿದ್ದರು.

ಮಾರಕ್ಕ ಕಣ್ಣು ಬಿಟ್ಟು ನೋಡಿದ್ದು ತಮ್ಮನ ಕಡೆಗಲ್ಲ, ನಮ್ಮ ಕಡೆಗೂ ಅಲ್ಲ. ಕಿಟಕಿಯಾಚೆಯ ರಸ್ತೆಯ ಕಡೆಗೆ.

"ಹೌದು ಕಣ್ರೀ," ಎಂದರು. "ಚೆನ್ನಾಗೇ ಅದೆ."